ಸೆರಗಿನ ಪ್ರೀಸೆಟ್

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೈಕಿನ ರಸೂಲಸಾಬರ ಮನೆ ಎಂದರೆ ಆಟೋದವರು ವಿಳಾಸ ಕೇಳುವುದಿಲ್ಲ. ರಸೂಲಸಾಬರ ತಂದೆ ಊರೂರು ತಿರುಗಿ ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಮನೆಗೂ ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿಯ ಒಲೆ ತಣ್ಣಗಾಯಿತು, ಮಗ ಮೈಕ್‌ಸೆಟ್ಟಿನ ಅಂಗಡಿ ಸೇರಿದರು. ಆಗ ಆ ಕೆಲಸವೆಂದರೆ ಬೇವಿನ ಮರ ಹತ್ತಿ ಭೊಂಗಾ ಎಂಬ ತಗಡಿನ ಕಹಳೆ ಸ್ಪೀಕರ್ ಕಟ್ಟುವುದು, ಇಳಿದು ಬಂದು ಅದರ ಬಾಯಿಯ ಮುಂದೆಯೇ ನಿಂತು ದನಿ ಸರಿ ಬರುತ್ತಿದೆಯೇ ಎಂದು ಕೇಳುವುದು. ಭೊಂಗಾ ಹೋಗಿ ಆಳೆತ್ತರದ ಸ್ಪೀಕರ್ ಬಾಕ್ಸುಗಳು ಬಂದವು. ರಸೂಲಸಾಬರು ಅಂಗಡಿಯನ್ನೇ ಕೊಂಡರು. ಆದರೆ ಬಾಕ್ಸಿನ ಪಕ್ಕ ನಿಂತು ಕೇಳುವ ರೂಢಿ ಮಾತ್ರ ಹೋಗಲಿಲ್ಲ. ನಲವತ್ತು ವರ್ಷ ಅವರ ಕಿವಿಗಳು ಹೀಗೆ ಸದ್ದಿನ ಒಲೆಯ ಮುಂದೆ ಕುಳಿತಿದ್ದವು.

ಮೈಕುಗಳ ದನಿ ಹದಗೊಳಿಸುವ ಡಿಜಿಟಲ್ ಮಿಕ್ಸರ್ ತಂದದ್ದು ನಾಲ್ಕು ವರ್ಷಗಳ ಹಿಂದೆ, ಹುಬ್ಬಳ್ಳಿಯಿಂದ. ಹಳೆಯ ಮಿಕ್ಸರಿನಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಗುಂಡಿಗಳನ್ನು ಮೊದಲಿನಿಂದ ತಿರುಗಿಸಬೇಕಿತ್ತು. ಹೊಸದರಲ್ಲಿ ಒಂದು ದನಿಯನ್ನು ಒಮ್ಮೆ ಹದಕ್ಕೆ ತಂದು, ಹೆಸರು ಕೊಟ್ಟು ಉಳಿಸಿದರೆ ಸಾಕು. ದಪ್ಪ ದನಿಯ ಬಾಸ್ ಎಷ್ಟು, ಸಣ್ಣ ದನಿಯ ಟ್ರೆಬಲ್ ಎಷ್ಟು, ಎಲ್ಲಿ ಏರಿಕೆ, ಎಲ್ಲಿ ಇಳಿಕೆ ಎಂಬುದನ್ನೆಲ್ಲ ಯಂತ್ರ ನೆನಪಿಟ್ಟುಕೊಂಡು, ಮುಂದಿನ ಸಲ ಆ ಹೆಸರು ಒತ್ತಿದೊಡನೆ ಹಾಗೇ ಹಾಜರುಪಡಿಸುತ್ತದೆ. ಅದಕ್ಕೆ ಪ್ರೀಸೆಟ್ ಎನ್ನುತ್ತಾರೆ. ಕಂಪನಿಯವರು ತಾವೇ ಕೆಲವನ್ನು ತುಂಬಿ ಕಳಿಸಿದ್ದರು: ಗಂಡು ದನಿ, ಹೆಣ್ಣು ದನಿ, ಗಿಟಾರು.

"ಗಂಡು ದನಿ ಅಂದ್ರ ಯಾವ ಗಂಡು?" ಎಂದು ರಸೂಲಸಾಬರು ಮಗಳನ್ನು ಕೇಳಿದ್ದರು. "ಸಾಲಿ ಮಾಸ್ತರ ಮೈಕ್ ಕಂಡ್ರ ಒಂದ್ ಮಾರು ದೂರ ನಿಲ್ತಾನ. ಪುಢಾರಿ ಮೈಕ್ ನುಂಗಾಕ ಬರ್ತಾನ. ಇಬ್ಬರಿಗೂ ಒಂದ ಅಂಗಿ ಹೊಲಿದ್ರ ಹೆಂಗ?"

ಅವರು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ತಮ್ಮದೇ ಪ್ರೀಸೆಟ್‌ಗಳನ್ನು ಬರೆದರು. ಮಾಸ್ತರ, ಪುಢಾರಿ, ಖಾಜಿ, ಹಾರ್ಮೋನಿಯಂ. ಮಗಳು ನಾಹೀದಾ ಗಂಗಾವತಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದವಳು ಅಪ್ಪನ ಜೊತೆಗೇ ಕೆಲಸಕ್ಕೆ ನಿಂತಳು. ಅವಳು ಟ್ಯಾಬ್ಲೆಟ್ ಹಿಡಿದು ಜನರ ಮಧ್ಯೆ ಓಡಾಡುತ್ತಾ ದನಿ ತಿದ್ದುವಳು, ಅವರು ಮಿಕ್ಸರಿನ ಮುಂದೆ ಕೂರುವರು. ಮೊದಮೊದಲು ಮದುಮಗನ ಕಡೆಯವರು ಬಂದು, "ಆಪರೇಟರ್ ಎಲ್ಲಿ ಅದಾನ ತಂಗಿ?" ಎಂದು ಅವಳನ್ನೇ ಕೇಳುತ್ತಿದ್ದರು. "ಅದಾಳ್ರಿ," ಎನ್ನುತ್ತಿದ್ದಳು.

ತೊಂದರೆ ಶುರುವಾದದ್ದು ಗಂಗಾವತಿಯ ಒಂದು ಮದುವೆ ಮಂಟಪದಲ್ಲಿ. ಮಂಟಪ ನೋಡಿಕೊಳ್ಳುವ ಪ್ರಭುರಾಜ ಹತ್ತಿರ ಬಂದು, ಸಂಕೋಚದಿಂದ ನಿಂತ.

"ಸಾಬ್ರ, ದನಿ ಭಾಳ ಛಲೋ ಐತ್ರಿ. ಆದ್ರ ಕಿವ್ಯಾಗ ಸೂಜಿ ಚುಚ್ಚಿದಂಗ ಆಗತೈತಿ ಅನ್ನಾಕತ್ತಾರ ಮಂದಿ."

"ಬಾಕ್ಸ್ ಹಳೇವಾಗ್ಯಾವು," ಎಂದರು ರಸೂಲಸಾಬರು.

ಬಾಕ್ಸಿನೊಳಗೆ ದನಿ ಹೊರಡಿಸುವ ಡ್ರೈವರ್ ಬದಲಿಸಿದರು. ಮುಂದಿನ ತಿಂಗಳು ಕೊಪ್ಪಳದಲ್ಲಿ ಅದೇ ಮಾತು. ವೈರು ಬದಲಿಸಿದರು. ಅದೇ ಮಾತು. ಈ ನಡುವೆ ನಾಹೀದಾ ಪೆಂಡಾಲಿನ ಇನ್ನೊಂದು ತುದಿಯಿಂದ ಟ್ರೆಬಲ್ ಇಳಿಸುವಳು. ಇತ್ತ ಮಿಕ್ಸರಿನ ಮುಂದೆ ಕುಳಿತ ಅಪ್ಪ, ದನಿ ಯಾಕೋ ಮಬ್ಬಾಯಿತಲ್ಲ ಎಂದು ಮತ್ತೆ ಏರಿಸುವರು. ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದು ಸುಮ್ಮನೆ ಜಗ್ಗುತ್ತಿದ್ದರು.

ಕೊನೆಗೆ ಬಾಯಿಬಿಟ್ಟವರು ಹೆಂಡತಿ ಇಮಾಮಬಾನು.

"ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ಕೇಳಿದ್ರ, ಹೊಡೀತೇನು ಅಂತೀರಿ. ನಿಮ್ಮ ಕಿವಿ ನಂಬಿ ಮುದ್ದಿ ಅನ್ನ ಉಂಡು ಉಂಡು ನಮಗ ಸಾಕಾಗೈತ್ರಿ. ದವಾಖಾನಿಗೆ ನಡೀರಿ ಸುಮ್ನ."

ಕೊಪ್ಪಳದ ಕಿವಿಯ ಡಾಕ್ಟರು ಅವರನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟರು. ಎಡಗಡೆ ದಪ್ಪ ದನಿಗಳು, ಬಲಗಡೆ ಸಣ್ಣ ದನಿಗಳು. ಗೆರೆ ಎಷ್ಟು ಕೆಳಗಿಳಿದರೆ ಕಿವಿ ಅಷ್ಟು ಸೋತಿದೆ ಎಂದರ್ಥ. ರಸೂಲಸಾಬರ ಗೆರೆ ಎಡದಿಂದ ನೆಟ್ಟಗೆ ಬಂದು, ನಾಲ್ಕು ಸಾವಿರ ಹರ್ಟ್ಸ್ ಎನ್ನುವಲ್ಲಿ ಬಾವಿಗೆ ಬಿದ್ದಂತೆ ಕುಸಿದಿತ್ತು.

"ಬಹಳ ವರ್ಷ ದೊಡ್ಡ ಶಬ್ದದ ಹತ್ತಿರ ಕೆಲಸ ಮಾಡಿದವರಿಗೆ ಹೀಗಾಗುತ್ತದೆ," ಎಂದರು ಡಾಕ್ಟರು. "ಮಾತು ಕೇಳಿಸುತ್ತದೆ, ಸ್ಪಷ್ಟ ಆಗುವುದಿಲ್ಲ. ಸ, ಶ, ಚ, ತ ಇಂಥವು ಜಾರಿಹೋಗುತ್ತವೆ. ಕಿವಿಗೆ ಮಶೀನು ಹಾಕಿಕೊಳ್ಳಿ. ಹೋದದ್ದು ಹಿಂದಕ್ಕೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು."

ವಾಪಸು ಬರುವಾಗ ಬಸ್ಸಿನಲ್ಲಿ, ಜೊತೆಗೆ ಹೋಗಿದ್ದ ನಾಹೀದಾ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದಳು. ನಂತರ ಅದನ್ನು ಮೇಲಂಚು ಕೆಳಗೆ ಬರುವಂತೆ ಮಗುಚಿ, ಹಿಂಬದಿಯಿಂದ ಕಾಣುವಂತೆ ಕಿಟಕಿಯ ಬೆಳಕಿಗೆ ಹಿಡಿದಳು. ಬಾವಿ ಗುಡ್ಡವಾಯಿತು. ರಸೂಲಸಾಬರು ನೋಡಿದರು. ಆ ಗುಡ್ಡ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಿಕ್ಸರಿನ ಪರದೆಯ ಮೇಲೆ ಮಾಸ್ತರನಿಗೂ ಪುಢಾರಿಗೂ ಹಾರ್ಮೋನಿಯಮ್ಮಿಗೂ ತಾವೇ ಬೆರಳಿನಿಂದ ಎತ್ತಿ ನಿಲ್ಲಿಸಿದ ಗುಡ್ಡ, ಅದೇ ಜಾಗದಲ್ಲಿ. ಕಿವಿಯಲ್ಲಿ ತಗ್ಗಾದದ್ದನ್ನು ಕೈ ಮೈಕಿನಲ್ಲಿ ತುಂಬುತ್ತಾ ಬಂದಿತ್ತು.

ಅವರು ಹಾಳೆ ಇಸಿದುಕೊಂಡು ಮಡಿಚಿ ಜೇಬಿಗೆ ಹಾಕಿದರು. ಕುಷ್ಟಗಿ ಹತ್ತಿರವಾಗಿ, ದಾಳಿಂಬೆ ತೋಟಗಳ ಬೇಲಿ ಕಾಣಿಸಿತು.

"ಇದು ಯಾರಿಗೂ ಗೊತ್ತಾಗಬಾರದು ಬೇಟಾ," ಎಂದರು ಆಮೇಲೆ. "ಕುರುಡ ದರ್ಜಿ, ಕಿವುಡ ಮೈಕಿನವ. ಯಾರು ಕರೀತಾರ?"

"ಮಶೀನ್ ಹಾಕ್ಕೋ ಅಬ್ಬಾ."

"ಕಿವ್ಯಾಗ ಮಶೀನ್ ಇಟ್ಕೊಂಡು ಮಿಕ್ಸರ್ ಮುಂದ ಕುಂತ್ರ, ಬೋರ್ಡ ಹಾಕಿದಂಗ ಆತಲ್ಲ."

ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಯಲಬುರ್ಗಾದ ಹಂಪಣ್ಣನ ಮಗಳು ಭವಾನಿಯ ಮದುವೆಗೆ ಮೈಕು ಹಾಕಲು ವೀಳ್ಯ ಹಿಡಿದಾಗಿತ್ತು. ಹಂಪಣ್ಣ ಕಡಲೆ ತೊಗರಿ ಬೆಳೆಯುವ ರೈತ, ಹಳೆಯ ಗೆಳೆಯ. ಅವನ ಮನೆಯ ಕಾರ್ಯಗಳಲ್ಲಿ ಬೇರೆ ಯಾರ ಮೈಕೂ ಕೂಗಿದ್ದಿಲ್ಲ. ಅದೊಂದು ಮುಗಿಸಿ, ಮಿಕ್ಸರನ್ನು ಮಗಳಿಗೆ ಒಪ್ಪಿಸಿ, ತಾವು ವೈರು ಸುತ್ತಿಕೊಂಡು ಇದ್ದುಬಿಡುವುದು. ಕಲಾಯಿಯ ಒಲೆ ಆರಿದ ಮೇಲೆ ಸುಮ್ಮನೆ ಕುಳಿತ ತಮ್ಮ ಅಪ್ಪನ ಮುಖ ಅವರಿಗೆ ನೆನಪಿತ್ತು. ತಮಗೂ ಅದು ಇಷ್ಟು ಬೇಗ ಬರುತ್ತದೆ ಎಂದುಕೊಂಡಿರಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ನಾಹೀದಾ ಮಿಕ್ಸರ್ ತೆರೆದು ಕುಳಿತಳು. ಅಪ್ಪನ ಪ್ರೀಸೆಟ್‌ಗಳನ್ನು ಒಂದೊಂದಾಗಿ ಪರದೆಗೆ ತಂದು, ನಾಲ್ಕು ಸಾವಿರದ ಗುಡ್ಡವನ್ನು ನೆಲಕ್ಕೆ ತಂದಳು. 'ಸೆರಗು' ಎಂಬ ಹೆಸರಿನದೊಂದು ಬಂತು. ಅದರ ಗುಡ್ಡ ಎಲ್ಲಕ್ಕಿಂತ ಎತ್ತರ.

"ಇದೇನ್ ಅಬ್ಬಾ, ಇಲ್ಲಿ ಬೆಟ್ಟಾನ ಕಟ್ಟೀಯಲ್ಲ!"

ರಸೂಲಸಾಬರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ತಮ್ಮ ಕಿವಿಯ ಮಾತನ್ನು ತಾವೇ ನಂಬದವರಂತೆ, "ನಿನಗ ಹೆಂಗ ಕೇಳತೈತೋ ಹಂಗ ಮಾಡು," ಎಂದು ಎದ್ದು ಹೋದರು. ಬೆಟ್ಟ ನೆಲಸಮವಾಯಿತು.

ಹಂಪಣ್ಣನ ಮನೆಯ ಮುಂದಿನ ಬಯಲಲ್ಲಿ ಪೆಂಡಾಲು. ಬೆಳಿಗ್ಗೆ ಮುಹೂರ್ತದ ಮಂತ್ರ, ಶಹನಾಯಿ, ಹಿರಿಯರ ಎರಡು ಮಾತು. ನಾಹೀದಾ ಮಿಕ್ಸರಿನ ಮುಂದೆ. ರಸೂಲಸಾಬರು ಹಿಂದೆ ಕಂಬಕ್ಕೊರಗಿ ನಿಂತಿದ್ದರು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಹಂಪಣ್ಣ ಬಂದು ಬೆನ್ನು ತಟ್ಟಿದ. "ಏನ್ ರಸೂಲಣ್ಣ, ಈ ಸಲ ದನಿ ಹಾಲು ಸಕ್ಕರಿ ಆಗೈತಲ್ಲೋ!" ರಸೂಲಸಾಬರಿಗೆ ಸಂತೋಷವಾಯಿತು, ಆ ಸಂತೋಷದ ಒಳಗೇ ಒಂದು ಮುಳ್ಳೂ ಇತ್ತು.

ಮಧ್ಯಾಹ್ನ ಭೂಮದ ಊಟ. ಮದುಮಕ್ಕಳನ್ನೂ ಬೀಗರನ್ನೂ ಸಾಲಾಗಿ ಕೂರಿಸಿ ಬಡಿಸುವಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಆಡಿಕೊಂಡು ಹಾಡುವುದು ಪದ್ಧತಿ. ಹಾಡಿಗೆ ಬೀಗರು ನಕ್ಕರೆ ಸಂಬಂಧ ಗಟ್ಟಿ, ಮುಖ ಊದಿಸಿಕೊಂಡರೆ ವರ್ಷಾನುಗಟ್ಟಲೆ ಮಾತು. ಬೀಗರು ಗಂಗಾವತಿಯವರು, ಕಾಲುವೆ ನೀರಿನ ಭತ್ತದ ಗದ್ದೆಯವರು. ಭವಾನಿಯ ಸೋದರತ್ತೆ ಮುದಕಮ್ಮ ಮೈಕು ಹಿಡಿದಳು. ಇನ್ನು ಮೂವರು ಹೆಂಗಸರು ಹಿಂದೆ ನಿಂತರು. ಮುದಕಮ್ಮ ಇಲಕಲ್ ಸೀರೆಯ ಸೆರಗನ್ನು ತಲೆಯ ಮೇಲಿಂದ ಎಳೆದು, ಎರಡು ಮಡಿಕೆ ಮಾಡಿ ಬಾಯಿಗೆ ಅಡ್ಡ ಹಿಡಿದು, ಅದರ ಹೊರಗೆ ಮೈಕು ಇಟ್ಟುಕೊಂಡು ಹಾಡು ಎತ್ತಿದಳು:

ಸೋನಾ ಅಕ್ಕಿ ಉಂಡು ಸೊರಗ್ಯಾರ ಬೀಗರು
ಸಜ್ಜಿ ರೊಟ್ಟಿ ಕಂಡು ಶರಣಂದ್ರು – ನಮ್ಮೂರ
ಶೇಂಗಾ ಚಟ್ನಿಗೆ ಸೋತ್ಹೋದ್ರು

ನಾಹೀದಾ 'ಸೆರಗು' ಪ್ರೀಸೆಟ್ ಒತ್ತಿದ್ದಳು. ದನಿ ಮೆತ್ತಗೆ, ಇಂಪಾಗಿ ಹೊರಬಂತು. ಬೀಗರು ತಲೆ ಬಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು. ಒಬ್ಬರೂ ನಗಲಿಲ್ಲ. ಮುದಕಮ್ಮ ಇನ್ನೊಂದು ಹಾಡಿದಳು, ಮೊದಲಿಗಿಂತ ಖಾರದ್ದು. ಬೀಗರ ಹಿರಿಯರೊಬ್ಬರು ನೀರು ಕೇಳಿದರು, ಅಷ್ಟೇ.

ಮುದಕಮ್ಮ ಹಾಡು ನಿಲ್ಲಿಸಿದಳು. "ಏನ್ರಿ, ಗಂಗಾವತ್ಯಾಗ ನಗಾಕ ಕರ ಹಾಕ್ಯಾರೇನ? ನಾ ಇಲ್ಲಿ ಗಂಟಲ ಹರಕೊಳ್ಳಾಕತ್ತೀನಿ, ಇವರು ತಿಥಿ ಊಟ ಮಾಡಿದಂಗ ಮಾಡಾಕತ್ತಾರಲ್ಲ!"

ಹೆಣ್ಣಿನ ಕಡೆಯವರ ಮುಖ ಸಣ್ಣದಾಯಿತು. ಬೀಗರಿಗೆ ಸಿಟ್ಟು ಬಂದಿದೆ ಎಂದು ಯಾರೋ ಪಿಸುಗುಟ್ಟಿದರು. ಹಂಪಣ್ಣ ಕೈಯಲ್ಲಿದ್ದ ತುಪ್ಪದ ಗಿಂಡಿ ಹಾಗೇ ಹಿಡಿದು ನಿಂತ. ನಾಹೀದಾ ಗಾಬರಿಯಿಂದ ಒಟ್ಟು ದನಿಯನ್ನೇ ಏರಿಸಿದಳು. ಮೈಕು ಕುಂಯ್ ಎಂದು ಸೀಟಿ ಹೊಡೆಯಿತು. ಇಳಿಸಿದಳು.

ಹಾಡಿನ ಸಣ್ಣ ದನಿಗಳು ರಸೂಲಸಾಬರಿಗೂ ಕೇಳುತ್ತಿರಲಿಲ್ಲ. ಆದರೆ ಅವರು ಮುಖಗಳನ್ನು ನೋಡುತ್ತಿದ್ದರು. ಮುದಕಮ್ಮನ ಎದುರಿಗೇ, ಕೈಗೆಟಕುವಷ್ಟು ಹತ್ತಿರ ಕುಳಿತಿದ್ದ ಇಬ್ಬರು ಬೀಗರು ಮೀಸೆಯ ಅಡಿಯಲ್ಲಿ ನಗು ಅದುಮಿಕೊಂಡಿದ್ದರು. ಬಾಕ್ಸಿನ ಮುಂದೆ ಕುಳಿತವರ ಮುಖದಲ್ಲಿ ಏನೂ ಇರಲಿಲ್ಲ. ಹತ್ತಿರದವರಿಗೆ ಅವಳ ಬಾಯಿಂದಲೇ ಮಾತು ಮುಟ್ಟುತ್ತಿದೆ. ದೂರದವರಿಗೆ ಮೈಕಿನಿಂದ ರಾಗ ಮಾತ್ರ ಮುಟ್ಟುತ್ತಿದೆ. ಹಾಗಾದರೆ ಸಿಟ್ಟು ಯಾರಿಗೂ ಬಂದಿಲ್ಲ. ಮಾತು ದಾರಿಯಲ್ಲಿ ಕಳೆದುಹೋಗುತ್ತಿದೆ.

ಅವರು ಲಗುಬಗೆಯಿಂದ ಮಿಕ್ಸರಿನ ಹತ್ತಿರ ಬಂದರು. "ಮಾತು ತಿಳೀವಲ್ಲದು ಅವರಿಗೆ. ನಿನಗ ತಿಳೀತದೇನ?"

ನಾಹೀದಾ ಕಿವಿಗೊಟ್ಟು ಕೇಳಿದಳು. "ರಾಗ ಕೇಳತೈತಿ. ಮಾತು... ಇಲ್ಲ ಅಬ್ಬಾ. ಬಟ್ಟಿ ಮುಚ್ಚಿದಂಗ ಐತಿ."

"ಮುಚ್ಯಾಳಲ್ಲ, ನೋಡು!"

ನಾಹೀದಾ ನೋಡಿದಳು. ಎದ್ದು ಹೋಗಿ ಮುದಕಮ್ಮನ ಕಿವಿಯಲ್ಲಿ, "ಅಮ್ಮಾ, ಸೆರಗು ಸ್ವಲ್ಪ ತೆಗೀರಿ, ಮಾತು ಸರಿ ಬರ್ತಾವು," ಎಂದಳು.

"ಅಯ್ಯ, ಎದುರಿಗೆ ಭಾವಂದಿರು ಕುಂತಾರ, ಬಾಯಿ ತಕ್ಕೊಂಡು ಹಾಡ್ಲೇನ? ಇರೋವು ನಾಲ್ಕ ಹಲ್ಲು, ಅವನ್ನೂ ಎಣಿಸಿ ಹೋಗ್ಲಿ ಅಂತೀಯೇನ?"

ಹಿಂದಿದ್ದ ಹೆಂಗಸರು ಕಿಸಕ್ಕೆಂದರು. ನಾಹೀದಾ ಬರಿಗೈಲಿ ವಾಪಸಾದಳು. ರಸೂಲಸಾಬರು ಪರದೆಯ ಮೇಲಿನ ಸಪಾಟು ಗೆರೆಯನ್ನು ತೋರಿಸಿದರು.

"ಇಲ್ಲಿ ಗುಡ್ಡ ಎತ್ತು."

"ಅಬ್ಬಾ, ಅದು ನಿನ್ನ ಕಿವಿದು. ಎತ್ತಿದ್ರ ಮಂದಿಗೆ ಮತ್ತ ಸೂಜಿ ಚುಚ್ಚತೈತಿ."

"ಬ್ಯಾರೇದವು ನನ್ನ ಕಿವೀವು. ಒಪ್ಪಿದೆ. ಇದು ಅರ್ಧ ನನ್ನ ಕಿವಿ, ಅರ್ಧ ಆಕಿ ಸೆರಗು. ಬಟ್ಟಿ ದಪ್ಪ ದನಿ ಬಿಡತೈತಿ, ಸಣ್ಣ ದನಿ ಹಿಡಕೋತೈತಿ. ಅದಕ್ಕಂತನ ಆ ಹೆಸರು ಇಟ್ಟಿದ್ದೆ. ಅವತ್ತ ಹೇಳಬೇಕಿತ್ತು, ನನ್ನ ಮ್ಯಾಲ ನನಗ ನಂಬಿಕಿ ಇರಲಿಲ್ಲ."

ನಾಹೀದಾ ಪರದೆಯ ಗೆರೆಗೆ ಬೆರಳು ಇಟ್ಟಳು. ಮಾತಿನ ಗಟ್ಟಿತನ ದಪ್ಪ ದನಿಯಲ್ಲಿರುತ್ತದೆ, ಅರ್ಥ ಸಣ್ಣ ದನಿಯಲ್ಲಿರುತ್ತದೆ ಎಂದು ಅವಳು ಓದಿದ್ದಳು. ಅಪ್ಪನ ತಪ್ಪನ್ನು ತೊಳೆಯುವ ಭರದಲ್ಲಿ ಅಪ್ಪನ ತಿಳಿವಳಿಕೆಯನ್ನೂ ಅದರ ಜೊತೆ ಚೆಲ್ಲಿದ್ದಳು.

"ಎಷ್ಟು ಎತ್ಲಿ?"

"ಅದು ನನಗ ಗೊತ್ತಿಲ್ಲ," ಎಂದರು ರಸೂಲಸಾಬರು. "ನೀ ಕೇಳಿ ಎತ್ತು. ನಾ ಹಿಂದಿನ ಸಾಲು ನೋಡತೀನಿ."

ಅವರು ಕೈಯೆತ್ತಿ ಮುದಕಮ್ಮನಿಗೆ ಸನ್ನೆ ಮಾಡಿದರು. "ಅಕ್ಕಾರ, ಮೊದಲಿನದ ಇನ್ನೊಮ್ಮಿ ಹಾಡ್ರಿ. ಬೀಗರ ಕಿವ್ಯಾಗ ಕಾಲುವಿ ನೀರು ನಿಂತೈತಿ, ಈಗ ಬಸಿಯಾಕತ್ತೀವಿ."

ಮುದಕಮ್ಮ ಹಾಡಿದಳು. ನಾಹೀದಾ ಬೆರಳಿನಿಂದ ಗೆರೆಯನ್ನು ಮೆಲ್ಲಗೆ ಮೇಲಕ್ಕೆ ತಂದಳು. 'ಸೋನಾ' ಮೊದಲು ಮೂಡಿತು, 'ಸಜ್ಜಿ' ತಿಳಿಯಾಯಿತು. ಇನ್ನಷ್ಟು ಎತ್ತಿದಾಗ ಮೈಕಿನಲ್ಲಿ ಸೀಟಿಯ ಸುಳಿವು ಸಿಕ್ಕಿತು. ಅಲ್ಲಿಂದ ಒಂದು ಕೂದಲೆಳೆ ಇಳಿಸಿ ನಿಲ್ಲಿಸಿದಳು. ಅಪ್ಪ ಮೊದಲು ಇಟ್ಟಿದ್ದರ ಹತ್ತಿರಹತ್ತಿರ ಅರ್ಧ ಎತ್ತರ. 'ಶೇಂಗಾ ಚಟ್ನಿಗೆ ಸೋತ್ಹೋದ್ರು' ಎಂಬಲ್ಲಿಗೆ ಬರುವಾಗ ಹಿಂದಿನ ಸಾಲಿನಲ್ಲಿ ಬಾಯ್ತುಂಬ ಶೇಂಗಾ ಚಟ್ನಿ ಇಟ್ಟುಕೊಂಡಿದ್ದ ಒಬ್ಬ ಬೀಗ ಕೆಮ್ಮಿದ, ಪಕ್ಕದವನು ಅವನ ಬೆನ್ನಿಗೆ ಗುದ್ದಿದ, ಇಡೀ ಸಾಲು ಗೊಳ್ಳೆಂದಿತು.

ರಸೂಲಸಾಬರು ಹಿಂತಿರುಗಿ ಮಗಳ ಕಡೆ ನೋಡಿ ಹೆಬ್ಬೆರಳು ಎತ್ತಿದರು.

ಗಂಡಿನ ಕಡೆಯವರು ಇನ್ನು ಸುಮ್ಮನಿರುವರೇ? ಮದುಮಗನ ಚಿಕ್ಕಮ್ಮ ಫಕೀರಮ್ಮ ಎಲೆಯಿಂದ ಎದ್ದು, ಕೈ ತೊಳೆದು ಬಂದು ಮುದಕಮ್ಮನ ಕೈಯಿಂದ ಮೈಕು ಕಸಿದುಕೊಂಡಳು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬಾಯಿಗೆ ಏನೂ ಅಡ್ಡವಿರಲಿಲ್ಲ. ಇದೇ ಪ್ರೀಸೆಟ್ ಇದ್ದರೆ ಚುಚ್ಚುತ್ತದೆ. ರಸೂಲಸಾಬರು ದೂರದಿಂದಲೇ ಬಾಯಿಯ ಮುಂದೆ ಅಂಗೈ ಹಿಡಿದು ತೆಗೆದರು. ನಾಹೀದಾಗೆ ತಿಳಿಯಿತು, ಅವಳು 'ಮಾಸ್ತರ' ಒತ್ತಿದಳು. ಹೆಸರು ಹೊಂದುತ್ತಿರಲಿಲ್ಲ, ದನಿ ಹೊಂದಿತು.

ರೊಟ್ಟಿ ತಟ್ಟಿ ತಟ್ಟಿ ಕೈ ಸವೆಸಿದ ಬೀಗತಿಯ
ನಾಲಿಗಿ ಯಾಕ ಸವಿಲಿಲ್ಲ – ನಿನ್ನಿ ಸಂತ್ಯಾಗ
ಸಾಣಿ ಹಿಡಿಸಿ ತಂದಾಳ

ಮುದಕಮ್ಮನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಮೈಕು ಆ ಕೈಯಿಂದ ಈ ಕೈಗೆ ಹಾರಾಡಿತು. ಒಬ್ಬಳು ಸೆರಗಿನೊಳಗಿಂದ, ಒಬ್ಬಳು ಹೊರಗಿಂದ, ಒಬ್ಬಳು ಅರ್ಧ ಸಾಲು ನಾಚಿ ಮುಚ್ಚಿಕೊಂಡು ಮುಂದಿನ ಅರ್ಧಕ್ಕೆ ನಾಚಿಕೆ ಮರೆತು. ಅಪ್ಪ ಕೈಸನ್ನೆ ಮಾಡುವರು, ಮಗಳು ಒತ್ತುವಳು. ಒಂದು ಸಲವೂ ಮೈಕು ಸೀಟಿ ಹೊಡೆಯಲಿಲ್ಲ. ಊಟ ಮುಗಿದರೂ ಯಾರೂ ಎಲೆ ಬಿಟ್ಟು ಏಳಲಿಲ್ಲ.

ಸಂಜೆಗೆ ಮುಂಚೆ ವೈರು ಸುತ್ತುವಾಗ ಹಂಪಣ್ಣ ಬಂದು ಬಾಕ್ಸಿನ ಮೇಲೆ ಕುಳಿತ. "ರಸೂಲಣ್ಣ, ಸಣ್ಣ ಸೊಸಿ ಬಸುರಿ ಅದಾಳ, ಆಕಿ ಕುಬಸ ಐತಿ ಮುಂದಿನ ತಿಂಗಳು. ಬರೇ ಹೆಂಗಸರದ ಗದ್ದಲ. ನೀನ ಬರಬೇಕ ನೋಡು."

ರಸೂಲಸಾಬರು ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟರು. "ಹಂಪಣ್ಣ, ಬರೋಕಿಂತ ಮೊದಲ ಒಂದ್ ಮಾತು ಹೇಳತೀನಿ. ನನ್ನ ಕಿವಿಗೆ ಸಣ್ಣ ದನಿ ಕೇಳಂಗಿಲ್ಲ. ಡಾಕ್ಟರ ಬರದ ಕೊಟ್ಟಾರ. ಇನ್ನ ಮಿಕ್ಸರ್ ಇಕಿ ಹಿಡೀತಾಳ. ನಾ ಮುಂದ ನಿಂತು ಮಂದಿ ನೋಡತೀನಿ. ಇದು ಗೊತ್ತಿದ್ದೂ ಕರೀತಿ ಅಂದ್ರ ಬರ್ತೀವಿ."

ಹಂಪಣ್ಣ ತಲೆ ಕೆರೆದುಕೊಂಡ.

"ನನಗ ದೂರದ್ದು ಕಾಣಂಗಿಲ್ಲ. ಆದ್ರೂ ಟ್ರ್ಯಾಕ್ಟರ್ ಹೊಡೀತೀನಿ."

"ಮತ್ತ?"

"ಮತ್ತೇನ, ಊರ ಮಂದಿ ದಾರಿ ಬಿಟ್ಟು ನಿಲ್ತಾರ!" ಎಂದು ತಾನೇ ನಕ್ಕ. ಆಮೇಲೆ ನಾಹೀದಾಳ ಕಡೆ ತಿರುಗಿದ. "ತಂಗಿ, ಇಂವನ್ನ ಬಿಟ್ಟು ಬರಬ್ಯಾಡ. ಇವತ್ತ ಇಂವ ನೋಡದಿದ್ರ ನಮ್ಮ ಬೀಗರು ಮುನಿಸಿಕೊಂಡ್ರು ಅಂತ ನಾವು ಇನ್ನೂ ಮುಖ ಸಣ್ಣದು ಮಾಡ್ಕೊಂಡು ಕುಂತಿರತಿದ್ವಿ."

ಮಾರನೆಯ ದಿನ ಕುಷ್ಟಗಿಯ ಮನೆಯಂಗಳದಲ್ಲಿ ಒಂದು ಮೈಕು, ಒಂದು ಬಾಕ್ಸು. ಕುಬಸಕ್ಕೆ ಮುಂಚೆ ಸೆರಗಿನ ಪ್ರೀಸೆಟ್‌ಗಳನ್ನು ಹೊಸದಾಗಿ ಕಟ್ಟಬೇಕೆಂದು ಇಬ್ಬರೂ ಒಪ್ಪಿದ್ದರು: ಒಂದು ಮಡಿಕೆಗೆ ಒಂದು, ಎರಡು ಮಡಿಕೆಗೆ ಒಂದು. ಹಾಡಲು ಇಮಾಮಬಾನು ಸಿಕ್ಕಿದ್ದರು. ದುಪಟ್ಟಾ ಬಾಯಿಗೆ ಅಡ್ಡ ಹಿಡಿದು, ಹಾಡು ಬರುವುದಿಲ್ಲವೆಂದು, ಮನೆಯ ಕಿರಾಣಿ ಸಾಮಾನನ್ನೇ ರಾಗವಾಗಿ ಹೇಳುತ್ತಿದ್ದರು.

"ಸಾಸಿವಿ, ಸಕ್ಕರಿ, ಶುಂಠಿ, ಚಹಾಪುಡಿ... ಸಾಕೇನ್ರಿ? ಒಲಿ ಮ್ಯಾಲ ಅನ್ನಕ್ಕ ಇಟ್ಟೀನಿ."

ನಾಹೀದಾ ಗೆರೆ ಎತ್ತಿದಳು, ಇಳಿಸಿದಳು. ರಸೂಲಸಾಬರು ಬಾಕ್ಸಿನ ಪಕ್ಕದಿಂದ ದೂರ, ಗೋಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಕ್ಕದ ಮನೆಯ ಯಮನೂರಮ್ಮ ಕಟ್ಟೆಯ ಮೇಲಿಂದ ಇಣುಕಿ ನೋಡುತ್ತಿದ್ದಳು.

"ಈಗ ಹೆಂಗೈತಿ ಅಬ್ಬಾ?"

"ಮೊದಲಿನ ಸಾಮಾನು ತಿಳೀತು. ಎರಡನೇದು ತಿಳೀತು," ಎಂದರು ರಸೂಲಸಾಬರು, ಯಮನೂರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ. "ಮೂರನೇದು ನನಗ ಕೇಳಲಿಲ್ಲ. ಏನದು, ಹೇಳು."